ಹೊಸ ಎಂ5 ನಿಜಕ್ಕೂ ಹಳೆಯದಕ್ಕಿಂತ ವೇಗದ್ದೇ?

ಪ್ರಶ್ನೆ: ನನ್ನ ಬಳಿ 2021ರ ಬಿಎಂಡಬ್ಲ್ಯು ಎಂ5 ಕಾಂಪಿಟಿಷನ್ ಇದೆ. ನಾನೇ ಮೊದಲ ಮಾಲೀಕ, 26,000 ಕಿ.ಮೀ. ಓಡಿದೆ. ವಾರಕ್ಕೆ ಎರಡು ಸಲ ಬೆಂಗಳೂರಿಗೆ ಹೋಗಿ ಬರುತ್ತೇನೆ, ಉಳಿದ ದಿನ ಊರೊಳಗಿನ ಓಡಾಟ. ಇದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸ ತಲೆಮಾರಿನ ಎಂ5 ತೆಗೆದುಕೊಳ್ಳುವ ಆಸೆಯಿದೆ. ಹಳೆಯದರದು 625 ಅಶ್ವಶಕ್ತಿ, ಹೊಸದರದು 727, ಆದ್ದರಿಂದ ವೇಗವೂ ಹೆಚ್ಚು ಎಂದು ಶೋರೂಂನವರು ಹೇಳುತ್ತಾರೆ. ನನ್ನ ಕಾರಿಗೆ 85 ಲಕ್ಷ, ಮೇಲೆ 5 ಲಕ್ಷ ಎಕ್ಸ್‌ಚೇಂಜ್ ಬೋನಸ್ ಕೊಡುತ್ತಾರಂತೆ. ಪರಿಚಯದವರೊಬ್ಬರು ಅದನ್ನೇ 96 ಲಕ್ಷಕ್ಕೆ ಕೇಳುತ್ತಿದ್ದಾರೆ. ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ಏನು ಮಾಡಲಿ?
– ಹೆಸರು ಬೇಡ, ಮೈಸೂರು

ಉತ್ತರ: ಶೋರೂಂನವರು ನಿಮಗೆ ಸುಳ್ಳು ಹೇಳಿಲ್ಲ, ಆದರೆ ಪಟ್ಟಿಯ ಒಂದು ಸಾಲನ್ನು ಓದಿ ಮುಂದಿನ ಸಾಲನ್ನು ಬಿಟ್ಟಿದ್ದಾರೆ. ನಿಮ್ಮ ಕಾರು ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಕಂಪನಿಯೇ ಕೊಟ್ಟಿರುವ ಲೆಕ್ಕದಲ್ಲಿ 3.3 ಸೆಕೆಂಡ್ ತೆಗೆದುಕೊಳ್ಳುತ್ತದೆ; ಹೊಸದಕ್ಕೆ 3.5 ಸೆಕೆಂಡ್ ಬೇಕು. ನೂರು ಅಶ್ವಶಕ್ತಿ ಹೆಚ್ಚಾಗಿಯೂ ಕಾರು ಕೂದಲೆಳೆಯಷ್ಟು ಹಿಂದೆ ಬಿದ್ದಿರುವುದಕ್ಕೆ ಕಾರಣ ತೂಕ. ಹೊಸ ಎಂ5 ಪ್ಲಗ್‌ಇನ್ ಹೈಬ್ರಿಡ್, ಅಂದರೆ ಪೆಟ್ರೋಲಿನಲ್ಲೂ ಪ್ಲಗ್ ಹಾಕಿ ತುಂಬಿಸಿದ ಬ್ಯಾಟರಿಯಲ್ಲೂ ಓಡುವ ಕಾರು. 4.4 ಲೀಟರಿನ ವಿ8 ಎಂಜಿನ್ ಹಾಗೆಯೇ ಉಳಿದು, ಅದರ ಜೊತೆಗೆ ಗೇರ್‌ಬಾಕ್ಸಿನೊಳಗೆ ಒಂದು ವಿದ್ಯುತ್ ಮೋಟರು, ಕೆಳಗೆ 18.6 ಕಿಲೋವ್ಯಾಟ್ ಅವರ್ ಬಳಕೆ ಸಾಮರ್ಥ್ಯದ ಬ್ಯಾಟರಿ ಸೇರಿಕೊಂಡಿವೆ. ಹೀಗಾಗಿ ಸುಮಾರು 1,900 ಕೆ.ಜಿ. ಇದ್ದ ಕಾರು ಈಗ 2,400 ಕೆ.ಜಿ. ದಾಟಿದೆ. ಎದ್ದು ಕಾಣುವುದು 1,000 ನ್ಯೂಟನ್ ಮೀಟರಿನ ಎಳೆತ. ಓವರ್‌ಟೇಕ್ ಮಾಡುವಾಗ ಕಾಲಿಟ್ಟ ಕ್ಷಣವೇ ಮೋಟರು ತಳ್ಳುವುದರಿಂದ ಅದು ವೇಗದ ಹಾಗೆ ಅನಿಸುತ್ತದೆ. ಅನಿಸುವುದು ಬೇರೆ, ಗಡಿಯಾರ ತೋರಿಸುವುದು ಬೇರೆ.

ಇನ್ನು ಆ ವೇಗವನ್ನು ನೀವು ಬಳಸುವುದಾದರೂ ಎಲ್ಲಿ? ನೀವು ವಾರಕ್ಕೆ ಎರಡು ಸಲ ಹಾಯುವ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗರಿಷ್ಠ ಮಿತಿ 100 ಕಿ.ಮೀ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ಕಿ.ಮೀ. ಮೀರಿ ಓಡಿಸಿದವರ ಮೇಲೆ ಎಫ್‌ಐಆರ್ ದಾಖಲಿಸಲಾಗುತ್ತಿದೆ, ಕ್ಯಾಮೆರಾಗಳೂ ಸಾಲಾಗಿ ನಿಂತಿವೆ. ನಿಮ್ಮ ಈಗಿನ ಕಾರು ಆ 100 ಕಿ.ಮೀ. ಮಿತಿಯನ್ನು ಮೂರೂಕಾಲು ಸೆಕೆಂಡಿನಲ್ಲಿ ಮುಟ್ಟಿ, ಬಿಡದಿಯಿಂದ ಶ್ರೀರಂಗಪಟ್ಟಣದವರೆಗೆ ಆಕಳಿಸುತ್ತಾ ಬರುತ್ತದೆ. ಹೊಸದೂ ಆಕಳಿಸುತ್ತದೆ, ಸ್ವಲ್ಪ ಹೆಚ್ಚು ಮೆತ್ತಗಿನ ಸೀಟಿನಲ್ಲಿ. ನಿಜವಾಗಿ ವೇಗದ ಹಸಿವೇ ಇದ್ದರೆ ಚೆನ್ನೈ ದಾರಿಯಲ್ಲಿ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಈಗಿನ ಕಾರನ್ನೇ ಒಂದು ದಿನ ಒಯ್ಯಿರಿ. ಸಾಮಾನ್ಯ ವಿಮಾ ಪಾಲಿಸಿ ರೇಸಿಂಗಿಗೂ ವೇಗ ಪರೀಕ್ಷೆಗೂ ಅನ್ವಯಿಸುವುದಿಲ್ಲ ಎಂಬುದು ಮಾತ್ರ ನೆನಪಿರಲಿ.

ಹಣದ ಲೆಕ್ಕಕ್ಕೆ ಬರೋಣ. ಹೊಸ ಎಂ5 ಭಾರತದಲ್ಲಿ 2024ರ ನವೆಂಬರಿನಲ್ಲಿ ಬಿಡುಗಡೆಯಾದಾಗ ಎಕ್ಸ್‌ಶೋರೂಂ ಬೆಲೆ 1.99 ಕೋಟಿ ರೂಪಾಯಿ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದ ಮೇಲೆ ಐಷಾರಾಮಿ ಕಾರುಗಳ ಬೆಲೆಪಟ್ಟಿಯೂ ಬದಲಾಗಿರುವುದರಿಂದ ಇವತ್ತಿನ ತಾರೀಖಿನ ಕೊಟೇಶನ್ ಕೇಳಿ ಪಡೆಯಿರಿ. ಲೆಕ್ಕದ ಅಂದಾಜಿಗೆ ನಾನು ಬಿಡುಗಡೆಯ ಬೆಲೆಯನ್ನೇ ಹಿಡಿಯುತ್ತೇನೆ. 20 ಲಕ್ಷಕ್ಕೂ ಮೇಲಿನ ಕಾರುಗಳಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಇದೊಂದೇ ಸುಮಾರು 39.8 ಲಕ್ಷ ಆಗುತ್ತದೆ. ನೀವು 2021ರಲ್ಲಿ 1.62 ಕೋಟಿಯ ಕಾರಿಗೆ ಕಟ್ಟಿದ ತೆರಿಗೆಯೂ 32 ಲಕ್ಷದ ಆಸುಪಾಸಿನಲ್ಲಿರಬೇಕು. ಕಾರು ರಾಜ್ಯದೊಳಗೇ ಕೈ ಬದಲಾದರೆ ಅದರಲ್ಲಿ ಒಂದು ಪೈಸೆಯೂ ನಿಮಗೆ ವಾಪಸು ಬರುವುದಿಲ್ಲ. ಶೋರೂಂ ವಸೂಲು ಮಾಡುವ ಶೇ 1 ಟಿಸಿಎಸ್ (ಮಾರಾಟದ ವೇಳೆಯೇ ಸಂಗ್ರಹಿಸುವ ತೆರಿಗೆ) ಮೊತ್ತವನ್ನು ಮಾತ್ರ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಶೋರೂಂನವರ 90 ಲಕ್ಷವನ್ನು ಕಳೆದರೂ, ವಿಮೆಯನ್ನು ಬಿಟ್ಟು, ನಿಮ್ಮ ಕೈಯಿಂದ ಒಂದೂವರೆ ಕೋಟಿ ಹೋಗುತ್ತದೆ.

ಎಕ್ಸ್‌ಚೇಂಜ್ ಬೋನಸ್ ಎಂಬ ಮಾತಿಗೆ ಬೆರಗಾಗಬೇಡಿ. ಬಲಗೈಯಿಂದ ಐದು ಲಕ್ಷ ಕೊಟ್ಟು ಎಡಗೈಯಿಂದ ಹನ್ನೊಂದು ಲಕ್ಷ ಹಿಡಿದುಕೊಂಡಿದ್ದಾರೆ. ನಿಮ್ಮ ಪರಿಚಯದವರು ಕೇಳಿರುವ ಬೆಲೆಯೇ ಅದಕ್ಕೆ ಸಾಕ್ಷಿ. ಹಳೆಯದನ್ನು ಮಾರುವ ಮಾತನ್ನೂ ಹೊಸದನ್ನು ಕೊಳ್ಳುವ ಮಾತನ್ನೂ ಎರಡು ಬೇರೆ ದಿನ, ಸಾಧ್ಯವಾದರೆ ಬೇರೆ ಬೇರೆ ಜನರೊಂದಿಗೆ, ಆಡಿ. ಮಾರುವ ಮೊದಲು ಸರ್ವಿಸ್ ದಾಖಲೆ, ಎರಡೂ ಕೀಲಿ, ಮೂಲ ಚಕ್ರಗಳು ಇವೆಯೇ ನೋಡಿಕೊಳ್ಳಿ. ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕಂಕಿಯನ್ನೂ ಗಮನಿಸಿ: 1421 ಎಂದಿದ್ದರೆ ಅದು 2021ರ ಹದಿನಾಲ್ಕನೆಯ ವಾರದಲ್ಲಿ ತಯಾರಾದದ್ದು, ಮತ್ತು ಬೆಲೆ ಕಟ್ಟಲು ಬಂದವನ ಕಣ್ಣು ಬಾನೆಟ್ಟಿಗಿಂತ ಮೊದಲು ಅಲ್ಲಿಗೇ ಹೋಗುತ್ತದೆ.

ಹಾಗಾದರೆ ಹೊಸದನ್ನು ಕೊಳ್ಳಲು ಕಾರಣವೇ ಇಲ್ಲವೇ ಎಂದರೆ, ಇದೆ. ಅದು ವೇಗವಲ್ಲ, ಮೌನ. ತುಂಬಿದ ಬ್ಯಾಟರಿಯಲ್ಲಿ ಈ ಕಾರು ಪೆಟ್ರೋಲು ಮುಟ್ಟದೆ 60 ಕಿ.ಮೀ.ಗೂ ಹೆಚ್ಚು ಓಡಬಲ್ಲದು ಎಂಬುದು ಕಂಪನಿಯ ಲೆಕ್ಕ. ನಮ್ಮ ರಸ್ತೆಯಲ್ಲಿ ಒಂದಿಷ್ಟು ಕಡಿಮೆಯಾದರೂ ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಗೆ ಹೋಗಿ, ಚಾಮುಂಡಿ ಬೆಟ್ಟ ಹತ್ತಿ ಇಳಿದು ಮನೆಗೆ ಬರಲು ಧಾರಾಳವಾಗಿ ಸಾಕು. ಬೆಳಗಿನ ಐದು ಗಂಟೆಗೆ ಗೇಟು ದಾಟುವಾಗ ಅಕ್ಕಪಕ್ಕದ ಮನೆಯವರ ನಿದ್ದೆಯೂ ಕೆಡುವುದಿಲ್ಲ. ಇದು ನಿಮಗೆ ಬೇಕಾದ ಸುಖವೇ ಆಗಿದ್ದರೆ ಮೊದಲು ಸೆಸ್ಕ್‌ನವರ ವಿದ್ಯುತ್ ಬಿಲ್ಲು ತೆಗೆದು ಮನೆಗೆ ಮಂಜೂರಾದ ಲೋಡ್ ಎಷ್ಟೆಂದು ನೋಡಿ, 7.4 ಕಿಲೋವ್ಯಾಟ್ ಚಾರ್ಜರ್ ಹಾಕಿಸಲು ಬಹುಪಾಲು ಮನೆಗಳು ಲೋಡ್ ಏರಿಸಿಕೊಳ್ಳಬೇಕಾಗುತ್ತದೆ. ಪ್ರತಿರಾತ್ರಿ ಪ್ಲಗ್ ಹಾಕುವ ತಾಳ್ಮೆ ಇಲ್ಲದವರು ಈ ಕಾರು ಕೊಂಡರೆ ಆ ಬ್ಯಾಟರಿಯ ಭಾರವನ್ನು ಪೆಟ್ರೋಲು ಸುಟ್ಟು ಹೊತ್ತು ತಿರುಗಿದಂತೆ.

ಎರಡನೆಯದಾಗಿ, ಒಂದು ಟೇಪು ಹಿಡಿದು ಗೇಟಿನ ಅಗಲ ಅಳೆಯಿರಿ. ಹೊಸ ಎಂ5 ಕನ್ನಡಿಗಳನ್ನು ಬಿಟ್ಟೇ 1,970 ಮಿ.ಮೀ. ಅಗಲ, ಐದು ಮೀಟರಿಗೂ ಹೆಚ್ಚು ಉದ್ದ. ಎರಡರಲ್ಲೂ ನಿಮ್ಮ ಈಗಿನದಕ್ಕಿಂತ ದೊಡ್ಡದು. ಹಳೆಯ ಮನೆಗಳ ಕಾಂಪೌಂಡಿನಲ್ಲಿ ಇದನ್ನು ತಿರುಗಿಸುವುದು ಹಬ್ಬದ ದಿನ ತೇರು ತಿರುಗಿಸಿದಂತೆ, ಮುಂದೆ ಒಬ್ಬರು ಹಿಂದೆ ಒಬ್ಬರು ನಿಲ್ಲಬೇಕು.

ನನ್ನ ಅಭಿಪ್ರಾಯ ಕೇಳಿದ್ದರಿಂದ ಹೇಳುತ್ತೇನೆ: ನಿಮ್ಮ ಕಾರನ್ನು ಇನ್ನೂ ಎರಡು ಮೂರು ವರ್ಷ ಇಟ್ಟುಕೊಳ್ಳಿ. ಬ್ಯಾಟರಿಯ ಭಾರವಿಲ್ಲದ ಕೊನೆಯ ಎಂ5 ತಲೆಮಾರು ಅದು. ಹೊಸದನ್ನು ಓಡಿಸಿ ನೋಡಲು ದುಡ್ಡು ಬೇಕಿಲ್ಲ. ಅರ್ಧ ಗಂಟೆಯ ಟೆಸ್ಟ್ ಡ್ರೈವ್ ಕೇಳಿ, ಜೊತೆಗೆ ಮನಸ್ಸಿಲ್ಲದ ಮನೆಯವರನ್ನೂ ಕರೆದುಕೊಂಡು ಹೋಗಿ, ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ.

ಪ್ರಶ್ನೆ: ನನ್ನ ಜರ್ಮನ್ ಸ್ಪೋರ್ಟ್ಸ್ ಕಾರನ್ನು ಬದಲಿಸಿ ಅದರದೇ ಹೊಸ, ಹೆಚ್ಚು ಶಕ್ತಿಯ ಆವೃತ್ತಿ ಕೊಳ್ಳುತ್ತಿದ್ದೇನೆ. ಪುದುಚೇರಿಯ ವಿಳಾಸವೊಂದರಲ್ಲಿ ನೋಂದಣಿ ಮಾಡಿಸಿದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ ಎಂದು ಮಧ್ಯವರ್ತಿ ಹೇಳುತ್ತಾರೆ. ಇದು ಸರಿಯೇ?
– ಓದುಗ, ಬೆಂಗಳೂರು

ಉತ್ತರ: ಸರಿಯಲ್ಲ. ವಾಹನದ ಮಾಲೀಕ ವಾಸಿಸುವ ಅಥವಾ ವ್ಯವಹಾರ ನಡೆಸುವ, ಮತ್ತು ವಾಹನ ಸಾಮಾನ್ಯವಾಗಿ ಇರುವ ರಾಜ್ಯದ ಆರ್‌ಟಿಒನಲ್ಲೇ ನೋಂದಣಿಯಾಗಬೇಕೆಂದು ಮೋಟಾರು ವಾಹನ ಕಾಯ್ದೆಯ 40ನೇ ಕಲಂ ಹೇಳುತ್ತದೆ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಹೊರರಾಜ್ಯದ ನಂಬರಿನ ಸುಮಾರು ಮೂವತ್ತು ದುಬಾರಿ ಕಾರುಗಳನ್ನು ವಶಪಡಿಸಿಕೊಂಡಿದ್ದರು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದ ನೋಂದಣಿಯ ಒಂದು ಫೆರಾರಿಯ ಮಾಲೀಕರು ಇಲ್ಲಿ ಸುಮಾರು 1.41 ಕೋಟಿ ರೂಪಾಯಿ ತೆರಿಗೆ ಕಟ್ಟಿ ಕಾರು ಉಳಿಸಿಕೊಂಡರು. ನಿಮ್ಮ ಮಧ್ಯವರ್ತಿ ಹೇಳುವ ಇಪ್ಪತ್ತು ಲಕ್ಷ ಉಳಿತಾಯವಲ್ಲ, ಯಾವ ಸಿಗ್ನಲ್‌ನಲ್ಲಿ ಬೇಕಾದರೂ ಕೇಳಬಹುದಾದ ಬಾಕಿ. ಆತನ ಕಮಿಷನ್ ಮಾತ್ರ ಯಾರೂ ವಾಪಸು ಕೇಳದ ಹಣ.

ಪ್ರಶ್ನೆ: ಎಕ್ಸ್‌ಚೇಂಜ್‌ಗೆ ಹಳೆಯ ಕಾರು ಕೊಟ್ಟು ಎರಡು ತಿಂಗಳಾಯಿತು. ಇನ್ನೂ ನನ್ನ ಮೊಬೈಲಿಗೇ ದಂಡದ ಸಂದೇಶ ಬರುತ್ತಿದೆ.
– ಓದುಗರು, ಮಂಗಳೂರು

ಉತ್ತರ: ಆರ್‌ಸಿ ಇನ್ನೂ ನಿಮ್ಮ ಹೆಸರಿನಲ್ಲಿದೆ ಎಂದರ್ಥ. ದಂಡಕ್ಕಿಂತ ದೊಡ್ಡ ಆತಂಕ ಅಪಘಾತದ್ದು: ನೋಂದಣಿಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಂಡವರು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆದ ವ್ಯಾಪಾರಿಗಳಾಗಿದ್ದರೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಕಾರು ಒಪ್ಪಿಸಿದ ಮಾಹಿತಿಯನ್ನು ಫಾರ್ಮ್ 29ಸಿ ಮೂಲಕ ಆರ್‌ಟಿಒಗೆ ತಿಳಿಸಬೇಕು. ಅದರ ಪ್ರತಿ ಕೇಳಿ ಪಡೆಯಿರಿ. ನೇರ ಮಾರಾಟವಾಗಿದ್ದರೆ ಮಾಲೀಕತ್ವ ಬದಲಿಸುವ ಫಾರ್ಮ್ 29 ಮತ್ತು 30 ಆರ್‌ಟಿಒಗೆ ಸಲ್ಲಬೇಕು. ಕಾರು ಒಪ್ಪಿಸಿದ ದಿನಾಂಕ, ಸಮಯ, ಮೀಟರಿನ ಅಂಕಿ ಇರುವ ರಸೀದಿ ನಿಮ್ಮ ಬಳಿ ಇಲ್ಲದಿದ್ದರೆ ಇವತ್ತೇ ಬರೆಸಿಕೊಳ್ಳಿ, ಹಳೆಯ ಫಾಸ್ಟ್ಯಾಗ್ ಅನ್ನೂ ಮುಚ್ಚಿಸಿ. ಹಳೆಯ ಪಾಲಿಸಿಯ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಕಾರಿನದಲ್ಲ, ನಿಮ್ಮದು. ಅದು ಗರಿಷ್ಠ ಶೇ 50ರವರೆಗೂ ಇರುತ್ತದೆ. ವಿಮಾ ಕಂಪನಿಯಿಂದ ಅದರ ಪ್ರಮಾಣಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಇನ್ನೊಂದು ಕಾರಿನ ವಿಮೆಗೆ ಬಳಸಬಹುದು.