ಮೇಷ್ಟ್ರು ಕಾರು ಕೊಡ್ತಿದಾರೆ, ಸುಮ್ನೆ ತಗೋಬಹುದಾ?

ಪ್ರಶ್ನೆ: ತುಮಕೂರಲ್ಲಿ ನಮ್ಮ ಪಕ್ಕದ್ಮನೆ ಮೇಷ್ಟ್ರು ಮೈಸೂರಿಗೆ ಮಗಳ ಮನೆಗೆ ಹೋಗ್ತಿದಾರೆ, ಅವರ 2008ರ ಮಾರುತಿ 800 'ನೀನೇ ಇಟ್ಕೊಳಪ್ಪಾ' ಅಂತಾರೆ, ದುಡ್ಡಿನ ಮಾತೆತ್ತಿದ್ರೆ ಬೈತಾರೆ. ನನ್ನ ಹೆಂಡ್ತಿನ ಹೆರಿಗೆಗೆ ಅಂತ ಮಧ್ಯರಾತ್ರಿ ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ದು ಅದೇ ಗಾಡೀಲಿ. ಕೀ ಇಸ್ಕೊಂಡು ಓಡಿಸ್ತಾ ಇದ್ರೆ ಸಾಕಾ, ಹೆಸರು ಬದಲಾಯಿಸ್ಬೇಕಾ?

ಉತ್ತರ: ಖಂಡಿತಾ ತಗೊಳ್ಳಿ. ಅಂಥ ಹಿರಿಯರು ಪ್ರೀತಿಯಿಂದ ಕೊಡೋದಕ್ಕೆ ರೇಟು ಕಟ್ಟೋಕೆ ಹೋಗ್ಬೇಡಿ, ಅವರ ಮನಸ್ಸಿಗೆ ನೋವಾಗುತ್ತೆ. ಆದ್ರೆ ಹೆಸರು ಬದಲಾಯಿಸ್ಲೇಬೇಕು, ಯಾಕಂದ್ರೆ ನಾಳೆ ಬಿ.ಎಚ್. ರಸ್ತೇಲಿ ಯಾರಿಗಾದ್ರೂ ತಾಗಿದ್ರೆ ಕಾನೂನಿನ ಲೆಕ್ಕದಲ್ಲಿ ಓನರ್ ಅಂದ್ರೆ ಆರ್‌ಸಿಲಿ ಹೆಸರಿರೋರು, ನೋಟಿಸ್ ಹೋಗೋದು ಮೈಸೂರಲ್ಲಿ ಮೊಮ್ಮಕ್ಕಳ ಜೊತೆ ನೆಮ್ಮದಿಯಾಗಿರೋ ಮೇಷ್ಟ್ರಿಗೆ. ಅವರಿಗೆ ಆ ತೊಂದ್ರೆ ಕೊಡ್ಬೇಡಿ.

ಅವರು ಊರು ಬಿಡೋ ಮುಂಚೇನೆ ಹೆಸರು ಬದಲಾಯಿಸೋ ಅರ್ಜಿಗಳಾದ ಫಾರಂ 29, ಫಾರಂ 30ಕ್ಕೆ ಸೈನ್ ಹಾಕಿಸ್ಕೊಂಡು ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಸಮೇತ ಆರ್‌ಟಿಓಗೆ ಅರ್ಜಿ ಹಾಕಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡ್ಸೋಕೆ ಗಾಡಿ ಕೈ ಬದಲಾದ 14 ದಿನದೊಳಗೆ ಕೇಳ್ಬೇಕು, ಮೇಷ್ಟ್ರ ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡ್ದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯ್ತಿ) ಮಾತ್ರ ನಿಮಗೆ ಬರಲ್ಲ. 2008ರ ಗಾಡಿ ಅಂದ್ರೆ 15 ವರ್ಷ ಮುಗ್ದಿದೆ, ಆರ್‌ಸಿ ರಿನ್ಯೂ ಮಾಡ್ಸಿದಾರಾ ಅಂತ ಮೊದ್ಲೇ ನೋಡಿ, ಮಾಡ್ಸಿದ್ರೆ 5 ವರ್ಷ ನಡೆಯುತ್ತೆ.

ಇನ್ನೊಂದು, ಮ್ಯಾಟ್ ಎತ್ತಿ ಕೆಳಗಿನ ತಗಡು ತುಕ್ಕು ಹಿಡ್ದಿದ್ಯಾ ನೋಡಿ, ಹಳೇ 800ರಲ್ಲಿ ಎಂಜಿನ್‌ಗಿಂತ ಮುಂಚೆ ಅದೇ ಕೈಕೊಡೋದು. ಹೊಸ ಆರ್‌ಸಿ ಬಂದ ತಕ್ಷಣ ಫೋಟೋ ತೆಗ್ದು ಮೇಷ್ಟ್ರಿಗೆ ವಾಟ್ಸಾಪ್ ಮಾಡಿ.