ಕೃಷಿ ಮೇಳ ಮುಗಿದ ಮೇಲೆ ಬೆಂಗಳೂರಲ್ಲಿ ಎರಡು ದಿನ: ಹಾವೇರಿ ಅಣ್ಣನವರ ಪ್ರಶ್ನೆಗೆ

ನಮಸ್ಕಾರ ಅಣ್ಣಾ. ಎರಡು ದಿನದಲ್ಲಿ ಬೆಂಗಳೂರಲ್ಲಿ ಏನೇನು ನೋಡೋದು ಅನ್ನೋ ನಿಮ್ಮ ಪ್ರಶ್ನೆಗೆ ಗುಂಪಿನಲ್ಲಿ ಆಗಲೇ ಹತ್ತಾರು ಉತ್ತರ ಬಂದಿವೆ. ಎಲ್ಲರೂ ಇನ್ನೊಂದೆರಡು ಜಾಗ ಸೇರಿಸುತ್ತಲೇ ಹೋಗಿದ್ದಾರೆ. ನಾನು ಕಡಿಮೆ ಮಾಡೋಕೆ ಬರೆಯುತ್ತಿದ್ದೀನಿ.

ನೀವು ಹೇಳಿದ್ದು ಇಷ್ಟು: 2025ರ ನವೆಂಬರ್ 13ರಿಂದ 16ರವರೆಗೆ ಜಿಕೆವಿಕೆಯಲ್ಲಿ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣ) ಕೃಷಿ ಮೇಳ. ನೀವು ಶನಿವಾರ ಬೆಳಿಗ್ಗೆ ಬಂದಿಳಿಯುತ್ತೀರಿ. ಮೇಳ ಮುಗಿಸಿ ಸೋಮವಾರ, ಮಂಗಳವಾರ ಊರು ನೋಡಿ ಮಂಗಳವಾರ ರಾತ್ರಿ ಬಸ್ಸಿಗೆ ವಾಪಸ್. ಜೊತೆಗೆ ಮನೆಯವರು, ಎಂಟನೇ ಕ್ಲಾಸಿನ ಮಗಳು, ಮೊಣಕಾಲು ನೋವಿರುವ ಅವ್ವ. ಪಟ್ಟಿಯಲ್ಲಿ ಲಾಲ್‌ಬಾಗ್, ವಿಧಾನಸೌಧ, ಬೆಂಗಳೂರು ಅರಮನೆ, ಇಸ್ಕಾನ್, ಬನ್ನೇರುಘಟ್ಟ, ನಂದಿಬೆಟ್ಟ, ವಂಡರ್‌ಲಾ, ಕೊನೆಗೊಂದು ಮಾಲ್.

ಎಲ್ಲಕ್ಕಿಂತ ಮೊದಲು ವಾರ ನೋಡಿಕೊಳ್ಳಿ. ಬನ್ನೇರುಘಟ್ಟ ಮಂಗಳವಾರ ರಜಾ. ತಾರಾಲಯ ಸೋಮವಾರ ರಜಾ. ರಂಗಶಂಕರದಲ್ಲಿ ಸೋಮವಾರ ನಾಟಕ ಇರಲ್ಲ. ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೋಟೆಲ್ ಕೂಡ ಸೋಮವಾರ ಬಾಗಿಲು ತೆಗೆಯಲ್ಲ. ಇದನ್ನು ಯಾರೂ ಹೇಳಿರಲಿಲ್ಲ, ಅದಕ್ಕೇ ಮೊದಲು ಹಾಕಿದೆ.

ಇನ್ನು ದಿಕ್ಕು. ನಂದಿಬೆಟ್ಟ ಊರಿನ ಉತ್ತರಕ್ಕೆ ಸುಮಾರು 60 ಕಿ.ಮೀ., ಬನ್ನೇರುಘಟ್ಟ ದಕ್ಷಿಣದ ತುದಿ, ವಂಡರ್‌ಲಾ ಮೈಸೂರು ರಸ್ತೆಯ ಬಿಡದಿ ಹತ್ತಿರ. ಇವು ಒಂದೊಂದೂ ಪೂರ್ತಿ ದಿನ ತಿನ್ನುತ್ತವೆ. ಬೆಂಗಳೂರಲ್ಲಿ ಸುಸ್ತಾಗೋದು ನೋಡೋದರಿಂದ ಅಲ್ಲ, ಊರನ್ನು ಅಡ್ಡಡ್ಡ ದಾಟೋದರಿಂದ. ಮೂರನ್ನೂ ಈ ಸಲ ಬಿಟ್ಟುಬಿಡಿ. ಅರಮನೆಯನ್ನೂ ಬಿಡಿ. ಮೈಸೂರು ಅರಮನೆ ನೋಡಿದವರಿಗೆ ಇಲ್ಲಿನ ಟಿಕೆಟ್ ದುಬಾರಿ ಅನ್ನಿಸೋದು ಖಂಡಿತ. ಮಾಲ್ ಈಗ ಹುಬ್ಬಳ್ಳಿಯಲ್ಲೂ ಇದೆ.

ಹಾಗಾದರೆ ಏನು ಉಳಿಯಿತು ಅಂತೀರಾ? ಮೆಟ್ರೋದ ಹಸಿರು ಲೈನ್ ಉಳಿಯಿತು. ಇಸ್ಕಾನಿಗೆ ಹತ್ತಿರದ ಮಹಾಲಕ್ಷ್ಮಿ, ಮಲ್ಲೇಶ್ವರಕ್ಕೆ ಸಂಪಿಗೆ ರಸ್ತೆ, ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ಬಸವನಗುಡಿಗೆ ನ್ಯಾಷನಲ್ ಕಾಲೇಜ್, ಅದಾದ ಮೇಲೆ ಲಾಲ್‌ಬಾಗ್, ಎಲ್ಲ ಒಂದೇ ಸಾಲಿನ ನಿಲ್ದಾಣಗಳು. ಹಳೇ ಬೆಂಗಳೂರು ಬಹುಮಟ್ಟಿಗೆ ಈ ಸಾಲಿನಲ್ಲೇ ಇದೆ. ಆದ್ದರಿಂದ ಜಿಕೆವಿಕೆ ಹತ್ತಿರ ರೂಮ್ ಮಾಡಬೇಡಿ. ಗಾಂಧಿನಗರ, ಮೆಜೆಸ್ಟಿಕ್ ಸುತ್ತ ಸಾಧಾರಣ ಲಾಡ್ಜ್ ಬೇಕಾದಷ್ಟಿವೆ, ಅಲ್ಲಿ ಮಾಡಿ. ಅವ್ವನಿಗೆ ಲಿಫ್ಟ್ ಇದೆಯಾ ಅಂತ ಮೊದಲೇ ಫೋನಲ್ಲಿ ಕೇಳಿ, ಇಲ್ಲದಿದ್ದರೆ ನೆಲಮಹಡಿ ರೂಮೇ ಬೇಕು ಅಂತ ಹಟ ಹಿಡಿಯಿರಿ. ಮೇಳಕ್ಕೆ ಮೆಜೆಸ್ಟಿಕ್‌ನಿಂದ ಯಲಹಂಕ ಕಡೆ ಹೋಗುವ ಬಿಎಂಟಿಸಿ ಬಸ್ ಹತ್ತಿ ಬಳ್ಳಾರಿ ರಸ್ತೆಯ ಜಿಕೆವಿಕೆ ಸ್ಟಾಪಲ್ಲಿ ಇಳಿದರಾಯಿತು.

ಬಸ್ಸಿನ ವಿಷಯ ಬಂತಲ್ಲ, ಹೆಂಗಸರ ಆಧಾರ್ ಕಾರ್ಡ್ ಮರೆಯದೆ ತನ್ನಿ. ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ನಡೆಯುತ್ತೆ. ಎಸಿ ಬಸ್ಸಿಗೂ ಮೆಟ್ರೋಗೂ ಅದು ಇಲ್ಲ. ಆಟೋ ಮೀಟರ್ 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒಂದೂವರೆ ಪಟ್ಟು. ಮೆಜೆಸ್ಟಿಕ್‌ನಲ್ಲಿ ಬ್ಯಾಗು ಹಿಡಿದು ನಿಂತವರನ್ನು ನೋಡಿದರೆ ಮೀಟರ್ ಹಾಕೋದು ಕಷ್ಟ. ಫೋನಲ್ಲಿ ನಮ್ಮ ಯಾತ್ರಿ ತರದ ಆ್ಯಪ್ ಒಂದು ಹಾಕಿಕೊಂಡೇ ಬನ್ನಿ.

ಸೋಮವಾರದ ಕತೆಗೆ ಬರೋಣ. ನಿಮ್ಮ ಅದೃಷ್ಟ ದೊಡ್ಡದು, 17ನೇ ತಾರೀಕು ಕಾರ್ತಿಕದ ಕಡೇ ಸೋಮವಾರ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ! ಅದನ್ನು ಬಿಟ್ಟು ನೀವು ಮಾಲ್‌ಗೆ ಹೋದರೆ ಈ ಗುಂಪಿನಿಂದಲೇ ತೆಗೆಸಿಬಿಡ್ತೀನಿ.

ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗ್ ಸೇರಿಕೊಳ್ಳಿ. ಮೆಟ್ರೋ ಇಳಿದರೆ ಪಶ್ಚಿಮ ಗೇಟು ಪಕ್ಕದಲ್ಲೇ. ವಾಕಿಂಗ್ ಹೊತ್ತಿನಲ್ಲಿ ಟಿಕೆಟ್ ಕೇಳಲ್ಲ, ಬಿಸಿಲೂ ಇರಲ್ಲ. ಎಲ್ಲರೂ ಗಾಜಿನ ಮನೆ ಎದುರು ಫೋಟೋ ಹೊಡೆದು ಹೊರಡುತ್ತಾರೆ. ನೀವು ಬೆಳೆಗಾರರು, ಸ್ವಲ್ಪ ಬೇರೆ ಕಣ್ಣಲ್ಲಿ ನೋಡಿ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ ಇದು. ಟಿಪ್ಪು ಹೊರದೇಶಗಳಿಂದ ಬೀಜ, ಸಸಿ ತರಿಸಿ ಬೆಳೆಸಿದ. ಆಮೇಲೆ ಲಾಲ್‌ಬಾಗ್ ಮೇಲ್ವಿಚಾರಕರಾಗಿ ಬಂದ ಜಾನ್ ಕ್ಯಾಮೆರಾನ್ ಕಾಲದಲ್ಲಿ ಎಷ್ಟೋ ಹೊಸ ಬೆಳೆಗಳನ್ನು ಇಲ್ಲಿ ಬೆಳೆಸಿ ನೋಡಿ ರೈತರಿಗೆ ದಾಟಿಸಿದರು. ನಾವು ಸಾಂಬಾರಿಗೆ ಹಾಕೋ ಸೀಮೆಬದನೆಕಾಯಿ ಈ ಕಡೆಗೆ ಬಂದಿದ್ದು ಆ ಮನುಷ್ಯನಿಂದ. 1908ರಲ್ಲಿ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸುವಾಗ ಒಂದು ಜಾತಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವ ಹಾಗೆ ಲೆಕ್ಕ ಹಾಕಿದರು. ನೀವು ಬರೋ ಹೊತ್ತಿಗೆ ಗುಲಾಬಿ ಬಣ್ಣದ ಟಬೂಬಿಯಾ ಶುರುವಾಗಿರಬಹುದು, ರಸ್ತೆ ಬದಿಯಲ್ಲಿ ಕಣ್ಣಿಡಿ. ಸ್ವಾತಂತ್ರ್ಯದ ನಂತರ ಲಾಲ್‌ಬಾಗ್ ನಡೆಸಿದ ಮರಿಗೌಡರ ಮುತುವರ್ಜಿಯಿಂದಲೇ 1959ರಲ್ಲಿ ಹಣ್ಣು, ತರಕಾರಿ ಬೆಳೆಗಾರರ ಸಹಕಾರ ಸಂಘ ಹಾಪ್‌ಕಾಮ್ಸ್ ಹುಟ್ಟಿದ್ದು. ಅಂದರೆ ನೀವು ನೋಡೋದು ಬರೀ ಪಾರ್ಕ್ ಅಲ್ಲ, ನಮ್ಮ ರಾಜ್ಯದ ತೋಟಗಾರಿಕೆಯ ಹಳೇ ಪ್ರಯೋಗದ ಹೊಲ.

ಮರಗಳಿಗೆ ಹೆಸರಿನ ಫಲಕ ಇದೆ. ಮಗಳ ಕೈಗೊಂದು ನೋಟ್‌ಬುಕ್ ಕೊಡಿ, ನಿಮ್ಮೂರಲ್ಲಿ ಇಲ್ಲದ ಮರಗಳ ಹೆಸರು ಬರೆದುಕೊಳ್ಳಲಿ. ಅವ್ವನಿಗೆ ಬ್ಯಾಟರಿ ಗಾಡಿ ಸಿಗುತ್ತೆ. ಆದರೆ ಅದು ಬೆಳಗ್ಗೆ ಬೇಗ ಓಡಲ್ಲ. ಅವರನ್ನು ಗಾಜಿನ ಮನೆ ಹತ್ತಿರ ಬೆಂಚಿನ ಮೇಲೆ ಕೂರಿಸಿ, ನೀವು ಮೂವರು ಬಂಡೆ ಹತ್ತಿ ಬನ್ನಿ. ಕೆಂಪೇಗೌಡ ಗೋಪುರ ನಿಂತಿರೋ ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿ ಫಲಕ ಹಾಕಿದ್ದಾರೆ, ಓದಿಸಿ.

ಒಂಬತ್ತು, ಒಂಬತ್ತೂವರೆಗೆ ಅಲ್ಲಿಂದ ಆಟೋ ಹಿಡಿದು ಬಸವನಗುಡಿ ಕಡೆ. ಪರಿಷೆಯ ರಸ್ತೆಗೆ ಗಾಡಿ ಬಿಡಲ್ಲ, ಸ್ವಲ್ಪ ನಡೀಬೇಕು. ಸಂಜೆ ದೀಪ, ಜನ ಎಲ್ಲ ಚೆಂದ, ನಿಜ. ಆದರೆ ಆ ನೂಕುನುಗ್ಗಲಲ್ಲಿ ಮೊಣಕಾಲು ನೋವಿನವರನ್ನು ಕರೆದುಕೊಂಡು ಹೋಗೋದು ಬೇಡ. ಬೆಳಗಿನ ಹೊತ್ತೇ ಸರಿ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಕಡೆಯ ರೈತರ ಕಡಲೆಕಾಯಿ ಹೊಲಕ್ಕೆ ರಾತ್ರಿ ಬಸವ ನುಗ್ಗಿ ಮೇಯುತ್ತಿತ್ತಂತೆ. ಹಿಡಿಯೋಕೆ ಹೋದರೆ ಕಲ್ಲಾಯಿತಂತೆ. ಮೊದಲ ಫಸಲು ಬಸವನಿಗೆ ಅಂತ ಹರಕೆ ಹೊತ್ತಿದ್ದೇ ಈ ಪರಿಷೆ. ರಸ್ತೆಯ ಎರಡೂ ಬದಿ ಗೋಣಿ, ಟಾರ್ಪಾಲಿನ ಮೇಲೆ ರಾಶಿ ರಾಶಿ ಕಾಯಿ: ಹಸಿಯದು, ಬೇಯಿಸಿದ್ದು, ಹುರಿದಿದ್ದು. ಸೇರಿನ ಮೇಲೆ ಗೋಪುರ ಏರಿಸಿ, ಅದು ಜಾರಿ ಬೀಳೋಕೆ ಮುಂಚೆ ನಿಮ್ಮ ಚೀಲಕ್ಕೆ ಸುರಿದು, ಮೇಲೆ ಒಂದು ಹಿಡಿ ಕೊಸರು ಹಾಕ್ತಾರೆ. ಹಾಕದಿದ್ದರೆ ಕೇಳಿ. ಮಾಗಡಿ, ಕೋಲಾರ, ಚಿಂತಾಮಣಿ ಅಲ್ಲದೆ ತಮಿಳುನಾಡು, ಆಂಧ್ರದ ಕಾಯಿಯೂ ಬರುತ್ತೆ. ಒಂದೊಂದು ರಾಶಿಯಿಂದ ಎರಡು ಕಾಯಿ ಸುಲಿದು ನೋಡಿ, ಯಾವ ಸೀಮೆಯದು, ಎಷ್ಟು ಬೀಜದ್ದು ಅಂತ ಮಾತಿಗೆ ಎಳೆಯಿರಿ. ರೈತರು ಅಂತ ಗೊತ್ತಾದರೆ ಅವರು ವ್ಯಾಪಾರ ಬಿಟ್ಟು ಮಾತಾಡ್ತಾರೆ.

ದೊಡ್ಡ ಗಣೇಶ, ಅದರ ಹಿಂದೆ ದೊಡ್ಡ ಬಸವ, ಪಕ್ಕದಲ್ಲಿ ಬ್ಯೂಗಲ್ ರಾಕ್, ಎಲ್ಲ ಒಂದೇ ಕಡೆ. ಬಸವನ ಗುಡಿಗೆ ಮೆಟ್ಟಿಲು ಇವೆ, ಅವತ್ತು ಸಾಲೂ ಇರುತ್ತೆ. ಅವ್ವನಿಗೆ ಗಣೇಶನ ದರ್ಶನ ಸಾಕು ಅನ್ನಿಸಿದರೆ ಒತ್ತಾಯ ಮಾಡಬೇಡಿ. ತಿಂಡಿಗೆ ಗಾಂಧಿಬಜಾರಿನ ವಿದ್ಯಾರ್ಥಿ ಭವನ ಎಲ್ಲರೂ ಹೇಳ್ತಾರೆ, 1943ರಿಂದ ಇರೋದು, ದೋಸೆ ಚೆನ್ನಾಗಿರುತ್ತೆ. ಆದರೆ ಪರಿಷೆ ದಿನ ಎಷ್ಟು ಹೊತ್ತು ಕಾಯಿಸುತ್ತೋ ಹೇಳೋಕಾಗಲ್ಲ. ಹಸಿದವರನ್ನು ನಿಲ್ಲಿಸಬೇಡಿ, ಅದೇ ರಸ್ತೆಯಲ್ಲಿ ಬೇರೆ ಹೋಟೆಲುಗಳ ಇಡ್ಲಿಯೂ ಕೆಟ್ಟದಲ್ಲ. ಮಧ್ಯಾಹ್ನ ರೂಮಿಗೆ ಹೋಗಿ ಮಲಗಿ. ಸಂಜೆ ಶಕ್ತಿ ಉಳಿದಿದ್ದರೆ ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದು ವಿ.ವಿ. ಪುರಂ ತಿಂಡಿಬೀದಿ. ಅವರೆಬೇಳೆ ಐಟಂಗಳಿಗೆ ಇನ್ನೂ ಕಾಲ ಬಂದಿರಲ್ಲ, ಅದು ಡಿಸೆಂಬರ್-ಜನವರಿಯ ಮಾತು.

ಮಂಗಳವಾರ ನಿಮಗೋಸ್ಕರ ಒಂದು ಕೆಲಸ. ಮನೆಯವರು ಮಲಗಿರಲಿ, ನೀವು ಬೆಳಿಗ್ಗೆ ಐದರ ಮೆಟ್ರೋ ಹಿಡಿದು ಕೆ.ಆರ್. ಮಾರ್ಕೆಟ್‌ಗೆ ಬನ್ನಿ. ಮಗಳು ಎದ್ದರೆ ಅವಳನ್ನೂ ಕರೆತನ್ನಿ. ನೀವು ಒಂದೆಕರೆ ಸೇವಂತಿಗೆ ಹಾಕಿದ್ದೀನಿ ಅಂದಿರಿ. ನಿಮ್ಮ ಪಟ್ಟಿಯ ಎಂಟು ಜಾಗಕ್ಕಿಂತ ಇದೇ ನಿಮಗೆ ಹೆಚ್ಚು ಕೆಲಸಕ್ಕೆ ಬರುತ್ತೆ. ಚಿಕ್ಕಬಳ್ಳಾಪುರ, ಕೋಲಾರ, ಆನೇಕಲ್, ಹೊಸೂರು ಕಡೆಯ ಹೂವು ರಾತ್ರಿಯೇ ಬಂದಿರುತ್ತೆ. ಮೊದಲು ಮೇಲಿನ ಮಹಡಿಗೆ ಹತ್ತಿ ಕೆಳಗೆ ನೋಡಿ, ಹಳದಿ ಸೇವಂತಿಗೆ, ಬಿಳಿ ಸೇವಂತಿಗೆ, ಕನಕಾಂಬರ, ಸುಗಂಧರಾಜದ ರಾಶಿಗಳ ನಡುವೆ ತಲೆಗಳು ಮಾತ್ರ ಓಡಾಡ್ತಾ ಇರುತ್ತವೆ. ಆಮೇಲೆ ಇಳಿದು ಮಂಡಿಯವರ ಹತ್ತಿರ ನಿಲ್ಲಿ. ಚೀಲ ಬಿಚ್ಚಿದ ತಕ್ಷಣ ಅವರು ಮೇಲಿನ ಹೂವು ನೋಡಲ್ಲ, ಮೊಣಕೈವರೆಗೆ ಕೈ ಇಳಿಸಿ ಅಡಿಯಿಂದ ಒಂದು ಹಿಡಿ ತೆಗೀತಾರೆ. ನೀರು ಕುಡಿದಿದೆಯಾ, ಬಿಸಿ ಹತ್ತಿದೆಯಾ ಅನ್ನೋದು ಅಲ್ಲೇ ಗೊತ್ತಾಗುತ್ತೆ, ರೇಟು ಅಲ್ಲೇ ಬೀಳುತ್ತೆ. ಕಮಿಷನ್ ಎಷ್ಟು, ಹಮಾಲಿ ಎಷ್ಟು ಹಿಡೀತೀರಿ ಅಂತ ಕೇಳಿ ಬರೆದುಕೊಳ್ಳಿ. ನೆಲ ಯಾವಾಗಲೂ ಒದ್ದೆ, ಜಾರುತ್ತೆ, ಅವ್ವನನ್ನು ಇಲ್ಲಿಗೆ ಮಾತ್ರ ಕರೆತರಬೇಡಿ. ಜೇಬಿನ ಮೇಲೂ ಒಂದು ಕಣ್ಣಿರಲಿ.

ತಿಂಡಿ ಆದ ಮೇಲೆ ಎಲ್ಲರೂ ಸೇರಿ ಮಾರ್ಕೆಟ್ ಹತ್ತಿರದ ಟಿಪ್ಪು ಬೇಸಿಗೆ ಅರಮನೆ. 1791ರಲ್ಲಿ ಪೂರ್ತಿಯಾದ ಮರದ ಕಟ್ಟಡ. ದೊಡ್ಡದೇನಲ್ಲ, ಅರ್ಧ ಗಂಟೆ ಸಾಕು, ಕಂಬಗಳ ಕೆತ್ತನೆ ನೋಡುವಂಥದು. ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ, ಅವ್ವನಿಗೆ ಖುಷಿಯಾಗುತ್ತೆ. ಇದೇ ಪೇಟೆಯೊಳಗೆ ತಿಗಳರಪೇಟೆಯ ಧರ್ಮರಾಯನ ಗುಡಿ ಇದೆ. ಚೈತ್ರ ಹುಣ್ಣಿಮೆಗೆ ಬೆಂಗಳೂರು ಕರಗ ಹೊರಡೋದು ಅಲ್ಲಿಂದ. ತಿಗಳರು ತಲೆತಲಾಂತರದಿಂದ ಹೂವು, ತರಕಾರಿ ಬೆಳೆದು ಈ ಊರಿಗೆ ಕೊಟ್ಟವರು. ಕರಗ ನೋಡೋ ಆಸೆ ಇದ್ದರೆ ಏಪ್ರಿಲ್ ಸುಮಾರಿಗೆ ಇನ್ನೊಮ್ಮೆ ಬನ್ನಿ, ಇಡೀ ರಾತ್ರಿಯ ಕೆಲಸ.

ಮಧ್ಯಾಹ್ನಕ್ಕೆ ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನಿಗೆ ಬದಲಾಯಿಸಿ ಕಬ್ಬನ್ ಪಾರ್ಕ್. ಕಸ್ತೂರ್ಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯ, 1962ರದು. ಎಂಟನೇ ಕ್ಲಾಸಿನವರಿಗೆ ಹೇಳಿ ಮಾಡಿಸಿದ ಜಾಗ. ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ನೋಡೋ ಮಾದರಿಗಳು, ರೈಟ್ ಸಹೋದರರ ವಿಮಾನದ ಅಷ್ಟೇ ದೊಡ್ಡ ಪ್ರತಿಕೃತಿ. ಮಗಳು ಹೊರಗೆ ಬರಲು ಒಪ್ಪಲ್ಲ, ಎರಡೂವರೆ ಗಂಟೆ ಇಟ್ಟುಕೊಳ್ಳಿ. ಬಿಸಿಲು ಇಳಿದ ಮೇಲೆ ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಹಾಯಾಗಿ ಕೂತು, ಕೆಂಪು ಹೈಕೋರ್ಟ್, ಎದುರಿಗೆ ವಿಧಾನಸೌಧ ನೋಡಿ. ವಿಧಾನಸೌಧದ ಒಳಗೆ ಹೋಗೋ ಗೈಡ್ ಪ್ರವಾಸ 2025ರಲ್ಲಿ ಶುರುವಾಗಿದೆ. ಅದು ಭಾನುವಾರ ಮತ್ತು ಎರಡನೇ, ನಾಲ್ಕನೇ ಶನಿವಾರ ಮಾತ್ರ, ಆನ್‌ಲೈನ್ ಬುಕಿಂಗ್. ನಿಮ್ಮ ಮಂಗಳವಾರಕ್ಕೆ ಹೊರಗಿನ ನೋಟವೇ ಗತಿ.

ಮೇಲೆ ಒಬ್ಬರು ಎರಡು ದಿನಕ್ಕೂ ಕಾರು ಬಾಡಿಗೆ ಮಾಡಿ ಅಂದಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಮಾರ್ಕೆಟ್, ಬಸವನಗುಡಿ ಎರಡು ಕಡೆಯೂ ಪಾರ್ಕಿಂಗ್ ಸಿಗಲ್ಲ, ಡ್ರೈವರ್ ಒಂದು ಕಡೆ, ನೀವು ಒಂದು ಕಡೆ. ಅವ್ವನಿಗಾಗಿ ಕಡಿಮೆ ದೂರಕ್ಕೆಲ್ಲ ಆಟೋ ಮಾಡಿ, ಒಟ್ಟು ಖರ್ಚು ಕಾರಿನ ಅರ್ಧವೂ ಆಗಲ್ಲ. ಬಿಎಂಟಿಸಿಯ ಬೆಂಗಳೂರು ದರ್ಶಿನಿ ಬಸ್ ಕೂಡ ಇದೆ, ಮೆಜೆಸ್ಟಿಕ್‌ನಿಂದ ಹೊರಟು ಒಂದೇ ದಿನದಲ್ಲಿ ಹತ್ತಾರು ಜಾಗ ಸುತ್ತಿಸುತ್ತೆ. ನಡೆಯೋಕೆ ಆಗದವರಿಗೆ ಒಳ್ಳೆಯದು, ನಿಮ್ಮಂಥವರಿಗೆ ಪ್ರತಿ ಕಡೆ ಹತ್ತು ಹದಿನೈದು ನಿಮಿಷ ಸಾಲಲ್ಲ.

ನಾಟಕದ ಬಗ್ಗೆ ಕೇಳಿದ್ರಿ. ಭಾನುವಾರ ಮೇಳದಲ್ಲಿ ಕಾಲಿಡೋಕೂ ಜಾಗ ಇರಲ್ಲ, ಆದಷ್ಟು ಶನಿವಾರವೇ ಸ್ಟಾಲುಗಳನ್ನೆಲ್ಲ ಮುಗಿಸಿ. ಭಾನುವಾರ ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಸಂಜೆ ಏಳೂವರೆಗೆ ಜೆ.ಪಿ. ನಗರದ ರಂಗಶಂಕರ. ಶುರುವಾದ ಮೇಲೆ ಬಾಗಿಲು ತೆಗೆಯಲ್ಲ, ಏಳಕ್ಕೇ ಅಲ್ಲಿರಬೇಕು. ಅವತ್ತು ಯಾವ ಭಾಷೆಯ ನಾಟಕ ಅಂತ ನೋಡಿಕೊಂಡು ಟಿಕೆಟ್ ತಗೊಳ್ಳಿ.

ಸಸಿ ಕೊಳ್ಳೋದಿದ್ದರೆ ಲಾಲ್‌ಬಾಗ್ ಒಳಗಿನ ನರ್ಸರಿಮೆನ್ ಸಹಕಾರ ಸಂಘದ ಮಳಿಗೆ ಇದೆ, ಸೋಮವಾರ ಬರೀ ನೋಡಿ, ಬೇಕಾದ್ದನ್ನು ಮಂಗಳವಾರ ಸಂಜೆ ಬಸ್ಸಿಗೆ ಮುಂಚೆ ತಗೊಳ್ಳಿ. ಎರಡು ದಿನ ಲಾಡ್ಜಲ್ಲಿ ಇಟ್ಟರೆ ಬಾಡುತ್ತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ತಳಿಯ ಬೀಜಕ್ಕೆ ಅಷ್ಟು ದೂರ ಹೋಗಬೇಡಿ, ಮೇಳದಲ್ಲೇ ವಿಚಾರಿಸಿ, ಸಿಗದಿದ್ದರೆ ಆನ್‌ಲೈನಲ್ಲಿ ತರಿಸಬಹುದು. ವಾಪಸ್ ಬಸ್ ಮೆಜೆಸ್ಟಿಕ್‌ನಿಂದಲೇ ಬುಕ್ ಮಾಡಿ. ರೂಮ್ ಬೆಳಿಗ್ಗೆ ಖಾಲಿ ಮಾಡಿದರೂ ಬ್ಯಾಗು ಅಲ್ಲೇ ಇಟ್ಟುಕೊಳ್ಳೋಕೆ ಹೇಳಿ, ಒಪ್ಪದಿದ್ದರೆ ರೈಲ್ವೆ ಸ್ಟೇಷನ್ನಿನ ಕ್ಲೋಕ್ ರೂಮ್ ಎದುರಿಗೇ ಇದೆ.