ಚಾಕು ಮುಕ್ಕಾದರೆ ತಪ್ಪು ಉಕ್ಕಿನದೇ?

ಪ್ರಶ್ನೆ: ಗಡಸುತನ 62 ರಾಕ್‌ವೆಲ್ ಎಂದು ನಮೂದಿಸಿದ್ದ ಅಡುಗೆಮನೆಯ ಚಾಕು ಕೊಂಡು ಎರಡು ತಿಂಗಳಾಯಿತು. ಬಾಯಿ ಅಲ್ಲಲ್ಲಿ ಮುಕ್ಕಾಗಿದೆ. ಹಳೆಯ ಚಾಕು ಬೇಗ ಮೊಂಡಾಗುತ್ತಿತ್ತು, ಆದರೆ ಎಂದೂ ಮುಕ್ಕಾಗಲಿಲ್ಲ. ಬೇರೆ ಉಕ್ಕಿನ ಚಾಕು ಕೊಳ್ಳಲೇ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಬಾಯಿ ಮೇಲಾಗುವಂತೆ ಚಾಕುವನ್ನು ದೀಪದ ಕೆಳಗೆ ಹಿಡಿಯಿರಿ. ಹರಿತವಾದ ಬಾಯಿ ಬೆಳಕಿಗೆ ಹೊಳೆಯುವುದಿಲ್ಲ. ಕೆಟ್ಟ ಜಾಗ ಮಾತ್ರ ಚುಕ್ಕಿಯಂತೆ ಮಿನುಗುತ್ತದೆ. ಅದನ್ನು ಭೂತಗನ್ನಡಿಯಲ್ಲಿ ನೋಡಿ. ಲೋಹ ಒಂದು ಬದಿಗೆ ಮಡಚಿಕೊಂಡಿದ್ದರೆ ಉಕ್ಕು ಮೆತ್ತಗಿದೆ, ಇಲ್ಲವೇ ಬಾಯಿ ತೀರಾ ತೆಳುವಾಗಿದೆ. ಚೂರು ಎದ್ದುಹೋಗಿದ್ದರೆ ಉಕ್ಕು ಪೆಡಸಾಗಿದೆ, ಇಲ್ಲವೇ ಆಗಲೂ ಬಾಯಿ ತೀರಾ ತೆಳುವಾಗಿದೆ. ಆದ್ದರಿಂದ ನಾನು ಮೊದಲು ಕೈಹಾಕುವುದು ಕೋನಕ್ಕೆ, ಅಂದರೆ ಮಸೆಯುವಾಗ ಅಲಗು ಕಲ್ಲಿಗೆ ಎಷ್ಟು ಓರೆಯಾಗಿರುತ್ತದೆ ಎಂಬುದಕ್ಕೆ; ಕೋನ ಕಡಿಮೆಯಾದಷ್ಟೂ ಬಾಯಿ ತೆಳು. ಉಕ್ಕನ್ನು ಬದಲಿಸಲು ಹೊಸ ಚಾಕುವೇ ಬೇಕು, ಕೋನವನ್ನು ಬದಲಿಸಲು ಸಾಣೆಕಲ್ಲು ಸಾಕು.

ಗಡಸು ಉಕ್ಕಿನ ದೊಡ್ಡ ಗುಣವೆಂದರೆ ತೆಳುವಾಗಿ ಮಸೆದರೂ ಬಾಗದಿರುವುದು. ಹಾಗಾಗಿಯೇ ಗಡಸುತನದ ರಾಕ್‌ವೆಲ್ ಅಳತೆಯಲ್ಲಿ 60ಕ್ಕಿಂತ ಗಡಸಾದ ಚಾಕುಗಳನ್ನು ಸಾಮಾನ್ಯವಾಗಿ ಪ್ರತಿ ಬದಿಗೆ 15 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಕೋನದಲ್ಲಿ ಮಸೆದಿರುತ್ತಾರೆ. 56ರ ಆಸುಪಾಸಿನ ಚಾಕುಗಳು 20 ಡಿಗ್ರಿಗೆ ಹತ್ತಿರವಿರುತ್ತವೆ. ನಿಮ್ಮ ಹಳೆಯ ಚಾಕು ಉಳಿದದ್ದಕ್ಕೆ ಮೆತ್ತಗಿನ ಉಕ್ಕಿನಷ್ಟೇ ಆ ದಪ್ಪ ಬಾಯಿಯೂ ಕಾರಣವಾಗಿರಬಹುದು. ಪೆಟ್ಟಿಗೆಯ ಮೇಲೆ ಗಡಸುತನವನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಕೋನದ ಮಾತೇ ಎತ್ತದಿರುವುದು ನನಗೆ ಬೇಸರ ತರುವ ಸಂಗತಿ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಅರ್ಥವಿಲ್ಲ.

ಹೀಗೆ ಮಾಡಿ. ಮುಕ್ಕುಗಳು ಹೋಗುವವರೆಗೆ ಇದ್ದ ಕೋನದಲ್ಲೇ ಮಸೆಯಿರಿ. ಆಮೇಲೆ ನಯವಾದ ಕಲ್ಲಿನ ಮೇಲೆ, ಬೆನ್ನನ್ನು ತುಸು ಹೆಚ್ಚು ಎತ್ತಿ, ಎರಡೂ ಬದಿಗೆ ನಾಲ್ಕೈದು ಸಲ ಹಗುರವಾಗಿ ಎಳೆಯಿರಿ. ಅಲಗು 45 ಮಿ.ಮೀ. ಅಗಲವಿದ್ದರೆ, ಬೆನ್ನಿನ ನಡುಭಾಗ ಕಲ್ಲಿನಿಂದ ಸುಮಾರು 12 ಮಿ.ಮೀ. ಮೇಲಿದ್ದಾಗ ಕೋನ 15 ಡಿಗ್ರಿ, 15 ಮಿ.ಮೀ. ಮೇಲಿದ್ದಾಗ ಹೆಚ್ಚುಕಡಿಮೆ 20. ಬಾಯಿಯ ತುದಿಯಲ್ಲಿ ಕೂದಲೆಳೆಯಷ್ಟು ಅಗಲದ ಹೊಸ ಅಂಚು ಮೂಡುತ್ತದೆ. ಅದರ ಹಿಂದಿನ ಅಲಗು ಮೊದಲಿನಷ್ಟೇ ತೆಳುವಾಗಿರುವುದರಿಂದ ಚಾಕು ಹಿಂದಿನಂತೆಯೇ ಸಲೀಸಾಗಿ ಇಳಿಯುತ್ತದೆ.

ಮೂಳೆಗೂ ಹೆಪ್ಪುಗಟ್ಟಿದ ಪದಾರ್ಥಕ್ಕೂ ಈ ಚಾಕು ಬೇಡ. ಹೆಚ್ಚಿದ್ದನ್ನು ಹಲಗೆಯಿಂದ ಬಾಚುವಾಗ ಬೆನ್ನನ್ನು ಬಳಸಿ; ಗಡಸು ಬಾಯಿಗೆ ಅಡ್ಡ ಒತ್ತಡದಷ್ಟು ಕೆಟ್ಟದ್ದು ಬೇರೆ ಇಲ್ಲ.

ಇನ್ನೊಂದು ಮಾತು. ತಯಾರಿಕೆಯಲ್ಲಿ ಯಂತ್ರದ ಸಾಣೆ ಹಿಡಿಯುವಾಗ ತುದಿ ಕಾದು ಅಲ್ಲಷ್ಟೇ ಹದ (ಉಕ್ಕನ್ನು ಕಾಯಿಸಿ ತಣಿಸಿ ತಂದ ಗಟ್ಟಿತನ) ಕೆಟ್ಟಿರುವುದುಂಟು. ಎರಡು ಮೂರು ಸಲ ಕಲ್ಲಿನ ಮೇಲೆ ಮಸೆದಾಗ ಆ ಭಾಗ ಸವೆದು ಒಳಗಿನ ಒಳ್ಳೆಯ ಉಕ್ಕು ಹೊರಬರುತ್ತದೆ. ಅಷ್ಟಾದ ಮೇಲೂ, 20 ಡಿಗ್ರಿಯಲ್ಲೂ, ಬರೀ ತರಕಾರಿ ಹೆಚ್ಚಿದರೂ ಮುಕ್ಕಾಗುತ್ತಿದ್ದರೆ ಚಾಕುವಿನ ಹದವೇ ತಪ್ಪಿರುವ ಸಾಧ್ಯತೆ ಹೆಚ್ಚು. ಆಗ ಅದನ್ನು ಕೊಂಡಲ್ಲಿಗೇ ಹಿಂದಿರುಗಿಸಿ ಬದಲಿ ಕೇಳಿ.